ಪ್ರಕಾಶಕರಿಗೆ ಕಳಸೋದು ಚೀಲ ಅಲ್ರಿ, ಮುಷ್ಟಿ ಭತ್ತ

ಗಂಗಾವತಿಯಾಗ ನಂದೊಂದು ಸಣ್ಣ ಡಿಟಿಪಿ ಅಂಗಡಿ ಐತಿ. ಮದುವಿ ಕಾರ್ಡು, ಜಾತ್ರಿ ಪಾಂಪ್ಲೆಟ್ಟು, ಪಹಣಿ ತಿದ್ದುಪಡಿ ಅರ್ಜಿ, ಬ್ಯಾಂಕಿನ ಅಫಿಡವಿಟ್ಟು, ದಿನಾ ಇವೇ. ಇವುಗಳ ನಡುವ ವರ್ಷಕ್ಕ ನಾಕೈದು ಮಂದಿ ಕಾದಂಬರಿ ಹಿಡ್ಕೊಂಡ್ ಬರ್ತಾರ. ಒಬ್ರು ಸಾಲಿ ಮಾಸ್ತರು, ಒಬ್ರು ರೈಸ್ ಮಿಲ್ಲಿನ ಗುಮಾಸ್ತರು, ಒಮ್ಮೆ ಕಾರಟಗಿ ಕಡೀಂದ ಒಬ್ಬ ನರ್ಸ್ ತಂಗಿ ಬಂದಿದ್ಲು, ನೈಟ್ ಡ್ಯೂಟಿಯಾಗ ಕುಂತು ಬರ್ದಿದ್ದು ಮೂರು ಲಾಂಗ್ ಬುಕ್ಕು. ಟೈಪ್ ಆಗಿ, ಪ್ರೂಫ್ ನೋಡಿ, ಎಲ್ಲಾ ಮುಗದ ಮ್ಯಾಲ ಎಲ್ರೂ ಕೇಳೋದು ಒಂದೇ ಮಾತು: ಅಣ್ಣಾ, ಪ್ರಕಾಶಕರಿಗೆ ಕಳಸಾಕ ಒಂದು ಲೆಟರ್ ನೀವಾ ಬರ್ದುಬಿಡ್ರಿ, ನಿಮಗ ಫಾರ್ಮ್ಯಾಟ್ ಗೊತ್ತಿರ್ತೈತಿ.

ನನಗ ಗೊತ್ತಿದ್ದ ಫಾರ್ಮ್ಯಾಟ್ ತಹಶೀಲ್ದಾರ್ರಿಗೆ ಬರಿಯೋದು. ಮ್ಯಾಲ ‘ಇಂದ’, ಕೆಳಗ ‘ಗೆ’, ಆಮೇಲೆ ‘ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’. ಎಷ್ಟೋ ಮಂದಿಗೆ ಹಂಗಾ ಬರ್ದು ಕೊಟ್ಟೀನಿ, ಈಗ ನೆನಸ್ಕೊಂಡ್ರ ನಾಚಿಕಿ ಬರ್ತೈತಿ. ನಂದೂ ಒಂದು ಕಾದಂಬರಿ ಇತ್ತು, ಅದನ್ನೂ ಹಿಂಗ ಅರ್ಜಿ ಹಾಕಿದಂಗ ಆರು ಮಂದಿಗೆ ಕಳಸಿದ್ದೆ. ಐದು ಮಂದಿ ಸುಮ್ನಾದ್ರು. ಆರನೇದವ್ರು ಪುಣ್ಯಾತ್ಮರು, ಫೋನ್ ಮಾಡಿ, ‘ಪತ್ರ ಭಾಳ ಚಂದ ಐತ್ರಿ, ಆದ್ರ ಕಥಿ ಏನಂತ ಎಲ್ಲೂ ಬರ್ದಿಲ್ಲಲ್ಲ’ ಅಂದ್ರು. ತಗದು ನೋಡ್ತೀನಿ, ಖರೇನ! ಒಂದೂವರಿ ಪುಟದಾಗ ನನ್ನ ಸಾಹಿತ್ಯ ಪ್ರೀತಿ ಐತಿ, ನಮ್ಮವ್ವನ ತ್ಯಾಗ ಐತಿ, ಕನ್ನಡದ ಸೇವಾ ಐತಿ, ಕಥಿ ಇಲ್ಲ.

ಅವತ್ತಿಂದ ಈ ಪತ್ರದ ವಿದ್ಯಾ ಏನಂತ ಹುಡುಕ್ಯಾಡಾಕ ಸುರು ಮಾಡಿದೆ. ಇಂಗ್ಲಿಷ್ ಪುಸ್ತಕದ ಲೋಕದಾಗ ಇದಕ್ಕ ಕ್ವೆರಿ ಲೆಟರ್ ಅಂತಾರ. ಅಲ್ಲಿ, ಅಂದ್ರ ಅಮೆರಿಕಾ ಇಂಗ್ಲೆಂಡ್ ಕಡೆ, ದೊಡ್ಡ ಪ್ರಕಾಶನದವ್ರು ಸೀದಾ ಲೇಖಕರಿಂದ ಹಸ್ತಪ್ರತಿ ತಗಳೋದು ಕಡಿಮಿ, ನಡುವ ಏಜೆಂಟ್ ಇರ್ತಾನ. ಲಂಡನ್ನಿನ ಎ.ಪಿ. ವಾಟ್ ಅನ್ನೋರು 19ನೇ ಶತಮಾನದ ಕೊನಿಗೆ ಈ ಧಂದೆ ಸುರು ಮಾಡಿದ್ರು, ಲೇಖಕರ ಗಳಿಕಿಯೊಳಗ ನೂರಕ್ಕ 10 ಅವರ ಕಮಿಷನ್ನು. ಈಗ ಅದು ಸಾಮಾನ್ಯವಾಗಿ 15, ಹೊರದೇಶದ ಹಕ್ಕು ಮಾರಿಕೊಟ್ರ 20. ನಮ್ಮ ಎಪಿಎಂಸಿಯಾಗ ದಲಾಲಿ ಅಂಗಡಿಯವ್ರು ಇಲ್ಲೇನು, ಅದಾ ಲೆಕ್ಕ, ಮಾಲು ನಿಮ್ದು, ಖರೀದಿದಾರ ಬ್ಯಾರೆ, ನಡುವ ರೇಟು ಮಾತಾಡಿ ಕಮಿಷನ್ ತಗಳೋನು ಅವ. ಮಾಲು ಮಾರಾಟ ಆದ್ರ ಮಾತ್ರ ಅವನಿಗೆ ರೊಕ್ಕ, ಇಲ್ಲಾಂದ್ರ ಇಲ್ಲ. ಹಂಗಾಗಿ ಓದಾಕ ಇಷ್ಟು ಫೀಸು ಕೊಡ್ರಿ ಅಂತ ಮೊದಲಾ ಕೇಳೋ ಏಜೆಂಟಿನ ಕಡೀಂದ ಎದ್ದು ಬರೋದು ಚಲೋ.

ಕನ್ನಡದಾಗ ಏಜೆಂಟ್ ಅನ್ನೋ ಪದ್ಧತಿ ಬೆಳದಾ ಇಲ್ಲ. ಇಲ್ಲಿ ನಾವು ಸೀದಾ ಪ್ರಕಾಶಕರಿಗಾ ಬರೀತೀವಿ, ಅವರಾ ಓದಬೇಕು, ಅವರಾ ರೊಕ್ಕ ಹಾಕಬೇಕು, ಎಷ್ಟೋ ಕಡೆ ಅವರಾ ಪಾರ್ಸಲ್ ಕಟ್ಟಬೇಕು. ಇದು ಮರೀಬಾರ್ದು, ಯಾಕಂದ್ರ ನಿಮ್ಮ ಪತ್ರ ಓದೋ ಮನಷ್ಯ ಆಗ್ಲೇ ನಾಳೆ ಹೋಗಬೇಕಾದ ಬಂಡಲ್ಲಿನ ಚಿಂತಿಯಾಗ ಇರ್ತಾನ. ಅಂಥವ್ನಿಗೆ ನೀವು 300 ಪುಟ ಒಮ್ಮಿಗೇ ಎತ್ತಿ ಮುಂದ ಹಾಕಿದ್ರ ಏನಾಗ್ತೈತಿ?

ಇಲ್ಲಿ ಭತ್ತ ಹೆಂಗ ಮಾರ್ತಾರ ನೋಡ್ರಿ. ಸುಗ್ಗಿ ಟೈಮಿನಾಗ ಯಾರೂ ಲಾರಿ ಲೋಡ್ ಮಾಡ್ಕೊಂಡು ಹತ್ತು ಮಿಲ್ಲು ತಿರುಗೋದಿಲ್ಲ. ಒಂದು ಪ್ಲಾಸ್ಟಿಕ್ ಕವರಿನಾಗ ಮುಷ್ಟಿ ಭತ್ತ ಸ್ಯಾಂಪಲ್ ಹಾಕ್ಕೊಂಡು ಹೋಗ್ತಾರ. ಮಿಲ್ಲಿನಾಂವ ಅಂಗೈಯಾಗ ಹಾಕ್ಕೊಂಡು ತಿಕ್ಕಿ, ಊದಿ, ಅಕ್ಕಿ ಬಣ್ಣ ನೋಡಿ, ಒಂದು ಕಾಳು ಹಲ್ಲಾಗ ಕಡದು ಹಸಿ ಎಷ್ಟೈತಿ ಅಂತ ತಿಳ್ಕೊಂಡು, ಯಾವ ತಳಿ, ಎಷ್ಟು ಚೀಲ, ಯಾವ ಊರು ಅಂತ ಮೂರು ಮಾತು ಕೇಳ್ತಾನ. ಅಲ್ಲಿ ನಿಂತು ನಾನು ರಾತ್ರಿ ಎಲ್ಲಾ ನೀರು ಕಟ್ಟೀನ್ರಿ, ಹಾವು ಕಡಿಯೋದ್ರಾಗಿಂದ ಉಳದೀನ್ರಿ ಅಂತ ಹೇಳಿದ್ರ ಪಾಪ ಅಂತಾನ, ಚಾ ತರಸ್ತಾನ, ರೇಟು ಏರಸೋದಿಲ್ಲ. ಕ್ವೆರಿ ಪತ್ರ ಅಂದ್ರ ಆ ಮುಷ್ಟಿ ಭತ್ತ, ಅಷ್ಟಾ. ನಿಮ್ಮ ಕಾದಂಬರಿ ಶ್ರೇಷ್ಠ ಅಂತ ಸಾಬೀತು ಮಾಡೋದು ಅದರ ಕೆಲಸ ಅಲ್ಲ. ಓದಿದಾಂವ ‘ಹೌದಾ? ಮೊದಲ್ನೇ ಮೂರು ಅಧ್ಯಾಯ ಕಳಸ್ರಿ ನೋಡೋಣು’ ಅನ್ನಬೇಕು, ಅಲ್ಲಿಗೆ ಪತ್ರದ ಕೆಲಸ ಮುಗೀತು.

ಹಂಗಾದ್ರ ಆ ಮುಷ್ಟಿಯಾಗ ಏನಿರಬೇಕು ಅಂದ್ರ, ಕಥಿಯ ಗಂಟು. ಇದು ಹೇಳಾಕ ಸರಳ, ಬರಿಯಾಕ ಕುಂತ್ರ ಕೈ ನಡಗ್ತಾವ. ನಾನು ನನ್ನ ಗಿರಾಕಿಗಳಿಗೆ ಈಗ ಟೈಪ್ ಮಾಡೋಕಿಂತ ಮೊದಲು ಎದುರು ಕುಂದ್ರಿಸ್ಕೊಂಡು ಕೇಳ್ತೀನಿ: ನಿಮ್ಮ ಕಥಿ ಯಾರ್ದು? ಒಬ್ರ ಹೆಸರು ಹೇಳ್ರಿ. ಆಕಿಗೆ ಏನು ಬೇಕಾಗೈತಿ? ಅದು ಸಿಗದಂಗ ಅಡ್ಡ ನಿಂತಿದ್ದು ಯಾರು, ಏನು? ಸಿಗಬೇಕಂದ್ರ ಆಕಿ ಏನು ಕಳ್ಕೋಬೇಕಾಗ್ತೈತಿ? ಈ ಕೊನೀದಕ್ಕ ಉತ್ರ ಬರೋದು ಭಾಳ ಕಷ್ಟ. ಒಬ್ರು ಅಂತೂ ಅರ್ಧ ತಾಸು ಸುಮ್ನ ಕುಂತು, ಎದ್ದು, ನನ್ನ ಕಾದಂಬರಿಯಾಗ ಯಾರೂ ಏನೂ ಕಳ್ಕೊಳ್ಳೋದಾ ಇಲ್ಲಲ್ರೀ ಅಂದು ಬುಕ್ಕು ವಾಪಸ್ ಒಯ್ದ್ರು, ಎಂಟು ತಿಂಗಳಾದ ಮ್ಯಾಲ ತಿದ್ದಿಕೊಂಡು ಬಂದ್ರು. ಪತ್ರ ಬರಿಯಾಕ ಹೋಗಿ ಕಾದಂಬರಿ ರಿಪೇರಿ ಆತು.

ಉತ್ರ ಬರದಿದ್ದಾಗ ನಮ್ಮ ಮಂದಿ ಏನು ಬರೀತಾರ ಅಂದ್ರ, ‘ಈ ಕಾದಂಬರಿಯು ಗ್ರಾಮೀಣ ಬದುಕಿನ ಬವಣೆಗಳನ್ನು ಎಳೆಎಳೆಯಾಗಿ ಬಿಚ್ಚಿಡುತ್ತದೆ.’ ಅಥವಾ ‘ಸಮಾಜಕ್ಕೆ ಕನ್ನಡಿ ಹಿಡಿಯುತ್ತದೆ.’ ಅಥವಾ ‘ಮಣ್ಣಿನ ವಾಸನೆ ಸೂಸುತ್ತದೆ.’ ಈ ಮೂರು ವಾಕ್ಯ ನಾನಾ ಎಷ್ಟು ಸಲ ಟೈಪ್ ಮಾಡೀನಿ ಅಂದ್ರ ಬೆರಳು ತಾವಾ ಓಡ್ತಾವ. ಇದರಾಗ ಸುಳ್ಳಿಲ್ಲ, ಆದ್ರ ಇದಾ ವಾಕ್ಯ ಯಾವ ಪುಸ್ತಕಕ್ಕ ಅಂಟಿಸಿದ್ರೂ ಅಂಟತೈತಿ. ನಿಮ್ಮ ಪತ್ರದಾಗಿನ ಒಂದು ವಾಕ್ಯ ತಗದು ಬ್ಯಾರೆಯವ್ರ ಕಾದಂಬರಿಗೆ ಹಚ್ಚಿ ನೋಡ್ರಿ, ಹೊಂದಿಕೊಂಡ್ರ ಆ ವಾಕ್ಯ ಹೊಡದು ಹಾಕ್ರಿ.

ಉದಾಹರಣಿ ಇಲ್ದ ಇದು ತಲಿಗೆ ಹೋಗೋದಿಲ್ಲ, ಹಂಗಾಗಿ ನಾನಾ ಒಂದು ಕಾದಂಬರಿ ಕಟ್ಟಿ ಹೇಳ್ತೀನಿ. ಇದು ಯಾರ್ದೂ ಅಲ್ಲ, ಇದರ ಸಲುವಾಗಿ ಕಲ್ಪಿಸಿದ್ದು. ತುಂಗಭದ್ರಾ ಎಡದಂಡೆ ಕಾಲುವಿ ನಮ್ಮ ಕಡೀಂದ ಸಿಂಧನೂರು, ಮಾನ್ವಿ ಕಡೆ ಹೋಗ್ತೈತಿ ಅಲ್ರಿ, ಮ್ಯಾಲಿನವ್ರಿಗೆ ನೀರು ಸಿಗ್ತೈತಿ, ಕೊನಿಭಾಗದವ್ರು ಕಾಯ್ತಾನಾ ಇರ್ತಾರ, ಇದು ಎಲ್ರಿಗೂ ಗೊತ್ತಿದ್ದ ಜಗಳ. ಅದರ ಮ್ಯಾಲ ಒಂದು ಕಾದಂಬರಿ ಅಂತ ಇಟ್ಕೊಳ್ರಿ. ಅದರ ಪತ್ರ ಹಿಂಗಿರಬಹುದು:

‘ನಮಸ್ಕಾರ. ನೀವು ಪ್ರಕಟಿಸುವ ಕಾದಂಬರಿಗಳಲ್ಲಿ ಹಳ್ಳಿಯ ಹೆಂಗಸರು ಬರೀ ಅಳುವವರಾಗಿರುವುದಿಲ್ಲ, ಅದಕ್ಕೇ ಇದನ್ನು ನಿಮಗೆ ಕಳಿಸುತ್ತಿದ್ದೇನೆ.

ಮಾನ್ವಿ ತಾಲ್ಲೂಕಿನ ಕೊನೆಭಾಗದ ಊರಿನ ಶರಣಮ್ಮನಿಗೆ ಎರಡು ಎಕರೆ ಹೊಲ, ಒಬ್ಬ ತಮ್ಮ. ಗಂಡ ಸತ್ತ ಮೇಲೆ ಹೊಲ ಅಡವಿಟ್ಟು ತಮ್ಮನಿಗೆ ಕಾಲುವೆಯ ಮೇಲೆ ದಿನಗೂಲಿ ನೀರಗಂಟಿಯ ಕೆಲಸ ಕೊಡಿಸುತ್ತಾಳೆ: ಇನ್ನು ಮೇಲಾದರೂ ತಮ್ಮೂರಿಗೆ ನೀರು ಬರುತ್ತದೆ ಎಂದು. ನೀರು ಬರುವುದಿಲ್ಲ. ಒಂದು ರಾತ್ರಿ ಮೇಲ್ಭಾಗದ ತೂಬಿನ ಹತ್ತಿರ ಒಬ್ಬ ರೈತನ ಹೆಣ ಸಿಗುತ್ತದೆ, ಊರಿನ ಮೂವರು ಹುಡುಗರನ್ನು ಪೊಲೀಸರು ಒಯ್ಯುತ್ತಾರೆ. ಬೆಳಗಾಗುವಷ್ಟರಲ್ಲಿ ಶರಣಮ್ಮನ ಹೊಲದಲ್ಲಿ ಮೊಣಕಾಲುದ್ದ ನೀರು ನಿಂತಿದೆ. ತೂಬು ಎತ್ತಿದ್ದು ಯಾರೆಂದು ಗೊತ್ತಿರುವುದು ಅವಳೊಬ್ಬಳಿಗೇ. ಬಾಯಿ ಬಿಟ್ಟರೆ ತಮ್ಮ ಹೋಗುತ್ತಾನೆ, ಬಿಡದಿದ್ದರೆ ಮೂರು ಮನೆ ಹಾಳಾಗುತ್ತವೆ, ಬೆಳೆ ಮಾತ್ರ ಏಳುತ್ತಲೇ ಇದೆ.

‘ಕೊನೆಯ ತೂಬು’ ಸುಮಾರು 42,000 ಪದಗಳ, ಪೂರ್ತಿಯಾದ ಕಾದಂಬರಿ. ಸಂಭಾಷಣೆ ರಾಯಚೂರು ಸೀಮೆಯ ಮಾತಿನಲ್ಲಿದೆ. ನಾನು ಒಂಬತ್ತು ವರ್ಷ ಕಾಲುವೆ ಕೆಲಸದ ಗುತ್ತಿಗೆದಾರರ ಬಳಿ ಲೆಕ್ಕ ಬರೆದವನು, ಇದು ನನ್ನ ಮೊದಲ ಕಾದಂಬರಿ. ಮೊದಲ ಮೂರು ಅಧ್ಯಾಯ ಮತ್ತು ಒಂದು ಪುಟದ ಸಾರಾಂಶ ಜೊತೆಗಿವೆ. ಬೇರೆ ಇಬ್ಬರು ಪ್ರಕಾಶಕರಿಗೂ ಇದನ್ನು ಕಳಿಸಿದ್ದೇನೆ. ವಂದನೆಗಳು.’

ಇಷ್ಟಾ. ಎ4 ಹಾಳಿಯಾಗ ಮುಕ್ಕಾಲು. ಇದರಾಗ ಅದ್ಭುತ, ಹೃದಯಸ್ಪರ್ಶಿ, ವಿಭಿನ್ನ ಅಂತ ಒಂದು ಶಬ್ದ ಇಲ್ಲ ನೋಡ್ರಿ. ರೈತರ ಬವಣೆ ಅಂತ ಎಲ್ಲೂ ಇಲ್ಲ, ಆದ್ರ ಹೊಲದಾಗ ನಿಂತ ನೀರು ಐತಿ. ಶರಣಮ್ಮನ ಹೆಸರು ಬಿಟ್ರ ಇನ್ನೊಂದು ಪಾತ್ರದ ಹೆಸರಿಲ್ಲ, ತಮ್ಮ ಅಂದ್ರ ಸಾಕು, ಹೆಸರು ಜಾಸ್ತಿ ಆದಂಗ ಓದೋರ ತಲಿಯಾಗ ಗದ್ಲ. ಮತ್ತ ಕೊನಿಗೆ ಏನಾತು ಅಂತ ಹೇಳಿಲ್ಲ, ಇಕ್ಕಟ್ಟಿಗೆ ತಂದು ನಿಲ್ಲಿಸಿ ಬಿಟ್ಟೈತಿ.

ಇಲ್ಲೇ ಭಾಳ ಮಂದಿ ಎಡವೋದು. ಪತ್ರ, ಸಾರಾಂಶ, ಬೆನ್ನುಡಿ ಮೂರೂ ಒಂದಾ ಅನ್ಕೋತಾರ. ಬೆನ್ನುಡಿ ಓದುಗರ ಸಲುವಾಗಿ, ಅಂಗಡಿಯಾಗ ಪುಸ್ತಕ ತಿರುವಿ ನೋಡೋರಿಗೆ, ಅದು ಆಮ್ಯಾಲಿನ ಮಾತು, ಅದನ್ನ ಬರಿಯೋದು ಬ್ಯಾರೆಯವ್ರು. ಪತ್ರದಾಗ ಕಥಿ ಕಾಲುಭಾಗ, ಹೆಚ್ಚಂದ್ರ ಅರ್ಧಭಾಗದ ತನಕ ಹೇಳಿ ಗಂಟು ತೋರಿಸಿ ಬಿಡಬೇಕು. ಸಾರಾಂಶ, ಅಂದ್ರ ಇಂಗ್ಲಿಷ್‌ನವ್ರು ಸಿನಾಪ್ಸಿಸ್ ಅಂತಾರಲ್ಲ, ಅದರಾಗ ಮಾತ್ರ ಮೊದಲಿಂದ ಕೊನೀತನಕ ಎಲ್ಲಾ ಹೇಳಬೇಕು, ಕೊಂದಾಂವ ಯಾರು, ಶರಣಮ್ಮ ಬಾಯಿ ಬಿಟ್ಲೋ ಇಲ್ಲೋ, ಎಲ್ಲಾ. ‘ಅದನ್ನು ತಿಳಿಯಲು ಕಾದಂಬರಿ ಓದಿ’ ಅಂತ ಸಾರಾಂಶದಾಗ ಬರದ್ರ ಪ್ರಕಾಶಕರಿಗೆ ಸಿಟ್ಟು ಬರ್ತೈತಿ, ಯಾಕಂದ್ರ ಅವರು ನೋಡೋದು ನೀವು ಕಟ್ಟಿದ ಗಂಟು ನಿಮಗ ಬಿಚ್ಚಾಕ ಬಂದೈತೋ ಇಲ್ಲೋ ಅಂತ.

ಪದಗಳ ಲೆಕ್ಕದ ಬಗ್ಗೆ ಒಂದು ಮಾತು, ಇದು ಯಾರೂ ಸರಿಯಾಗಿ ಹೇಳೋದಿಲ್ಲ. ಇಂಗ್ಲಿಷಿನಾಗ ಮೊದಲ ಕಾದಂಬರಿ 80,000 ದಿಂದ 1 ಲಕ್ಷ ಪದ ಇರ್ಬೇಕು ಅನ್ನೋದು ರೂಢಿ, ಅದನ್ನ ಓದಿ ನಮ್ಮ ಹುಡುಗ್ರು ನಂದು 45,000 ಅಷ್ಟಾ ಆಗೈತಿ ಅಂತ ಗಾಬರಿ ಆಗಿ ಸುಮ್ನ ಎಳದು ಎಳದು ಬರೀತಾರ. ಅಲ್ರಿ, ನಮ್ಮ ಭಾಷಾ ಅಂಟಿಸಿಕೊಂಡು ಹೋಗೋ ಭಾಷಾ. ‘ಹೋಗಬೇಕಾಗಿತ್ತಂತೆ’ ಅನ್ನೋದು ನಮಗ ಒಂದು ಪದ, ಅದನ್ನ ಇಂಗ್ಲಿಷಿನಾಗ ಹೇಳಾಕ ಐದಾರು ಪದ ಬೇಕು. ‘ಮನೆಯೊಳಗಿಂದಲೇ’ ಅನ್ನೋದೂ ಹಂಗಾ. ಹಂಗಾಗಿ ಕನ್ನಡದ 45,000 ಪದ ಸಣ್ಣ ಕಾದಂಬರಿ ಏನಲ್ಲ. ನಮ್ಮ ಪುಸ್ತಕಗಳು ಹೆಚ್ಚಾಗಿ ಡೆಮಿ 1/8 ಸೈಜಿನಾಗ ಬರ್ತಾವ, ಒಂದು ಪುಟಕ್ಕ 30 ಸಾಲು, ಸಾಲಿಗೆ ಏಳು ಪದ ಅಂತ ಹಿಡದ್ರ ಪುಟಕ್ಕ 210 ಪದ ಆತು, ಆ ಲೆಕ್ಕಕ್ಕ 45,000 ಪದ ಅಂದ್ರ ಸುಮಾರು 214 ಪುಟ. ಪ್ರಕಾಶಕರು ತಲಿಯಾಗ ಹಾಕೋ ಲೆಕ್ಕಾನೂ ಇದಾ, ಎಷ್ಟು ಪುಟ, ಎಷ್ಟು ಫಾರಂ (ಒಮ್ಮಿಗೇ ಅಚ್ಚಾಗೋ ಪುಟಗಳ ಹಾಳಿ), ಕಾಗದಕ್ಕ ಎಷ್ಟು, ಬೆಲಿ ಎಷ್ಟು ಇಡಬೇಕು. ಹೊಸಬರ ಪುಸ್ತಕ ಐನೂರೋ ಸಾವಿರವೋ ಪ್ರತಿ ಅಚ್ಚಾಗೋದು, 600 ಪುಟದ ಮೊದಲ ಕಾದಂಬರಿ ಅಂದ ಕೂಡ್ಲೇ ಅವರು ಪತ್ರ ಪಕ್ಕಕ್ಕ ಇಡೋದು ನಿಮ್ಮ ಮ್ಯಾಲಿನ ದ್ವೇಷಕ್ಕಲ್ಲ.

ಯಾರಿಗೆ ಕಳಸಬೇಕು ಅನ್ನೋದು ಇನ್ನೊಂದು. ಗೂಗಲ್ ಮಾಡಿ ಸಿಕ್ಕ 40 ವಿಳಾಸಕ್ಕ ಒಂದಾ ಮೇಲ್ ಹಾಕೋರು ಅದಾರ, ಅದೂ ಎಲ್ರ ಐಡಿ ಒಂದಾ ಸಾಲಿನಾಗ ಕಾಣೂವಂಗ. ಮದುವಿ ಕಾರ್ಡು ಹಂಚಿದಂಗ ಇದನ್ನ ಹಂಚಾಕ ಬರೋದಿಲ್ರಿ. ಧಾರವಾಡದ ಮನೋಹರ ಗ್ರಂಥಮಾಲಾ 1933 ರಿಂದ ನಡದೈತಿ, ಗದಗಿನಾಗ ಲಡಾಯಿ ಪ್ರಕಾಶನ ಐತಿ, ಹೆಗ್ಗೋಡಿನಾಗ ಅಕ್ಷರ, ಬೆಂಗಳೂರಾಗ ಅಂಕಿತ, ಛಂದ, ನವಕರ್ನಾಟಕ, ಒಬ್ಬೊಬ್ರದು ಒಂದೊಂದು ರುಚಿ. ಪತ್ತೇದಾರಿ ಕಾದಂಬರಿ ತಗೊಂಡು ವೈಚಾರಿಕ ಪುಸ್ತಕ ಮಾಡೋರ ಬಾಗಿಲು ಬಡದ್ರ ಅದು ಅವರ ತಪ್ಪಲ್ಲ. ಅವರು ಮಾಡಿದ ಮೂರು ನಾಕು ಪುಸ್ತಕ ಓದ್ರಿ, ಕೊಂಡು ಓದಿದ್ರ ಇನ್ನೂ ಚಲೋ, ಇಲ್ಲಾಂದ್ರ ತಾಲ್ಲೂಕು ಲೈಬ್ರರಿ ಐತಿ. ಇಂಗ್ಲಿಷ್ ಪತ್ರದಾಗ ‘ನನ್ನ ಪುಸ್ತಕ ಇಂಥಿಂಥ ಪುಸ್ತಕ ಓದಿದವ್ರಿಗೆ ಹಿಡಸ್ತೈತಿ’ ಅಂತ ಹತ್ರದ ನಾಕೈದು ವರ್ಷದೊಳಗ ಬಂದ ಎಲ್ಡು ಪುಸ್ತಕದ ಹೆಸರು ಕೊಡಬೇಕು, ಅದು ಅಲ್ಲಿ ಕಡ್ಡಾಯ ಇದ್ದಂಗ. ಕನ್ನಡದಾಗ ಆ ರೂಢಿ ಇಲ್ಲ, ಆದ್ರೂ ಅವರ ಪಟ್ಟಿಯೊಳಗಿನ ಒಂದು ಪುಸ್ತಕ ಓದಿ ಖರೇನಾ ಏನಾರ ಅನಿಸಿದ್ರ ಒಂದು ಸಾಲು ಬರೀರಿ. ಜ್ಞಾನಪೀಠದವ್ರ ಜೋಡಿ ನಿಮ್ಮನ್ನ ನೀವಾ ಹೋಲಿಸಿಕೊಳ್ಳೋದು ಮಾತ್ರ ಬ್ಯಾಡ, ಓದಿದಾಂವ ಪಕ್ಕದಾಗಿನವ್ರಿಗೆ ತೋರಿಸಿ ನಗ್ತಾನ.

ಛಂದದವ್ರು ಹೊಸಬರ ಕಥಾಸಂಕಲನಕ್ಕ ಹಸ್ತಪ್ರತಿ ಸ್ಪರ್ಧಾ ನಡಸ್ತಾರ, ಅದು ಕಥಿಗಳಿಗೆ, ಕಾದಂಬರಿಗಲ್ಲ, ಅದಕ್ಕ ಕಾದಂಬರಿ ಕಳಸಬ್ಯಾಡ್ರಿ. ಕನ್ನಡ ಪುಸ್ತಕ ಪ್ರಾಧಿಕಾರದವ್ರು ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡ್ತಾರ, ಅದಕ್ಕ ಅರ್ಜಿ ಕರೀತಾರ, ಹಾಂ, ಅಲ್ಲಿ ಮಾತ್ರ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ನಡೀತೈತಿ.

ನಿಮ್ಮ ಬಗ್ಗೆ ಎಷ್ಟು ಬರೀಬೇಕು? ಎಲ್ಡು ಸಾಲು. ಮಯೂರ, ಸುಧಾ, ತರಂಗದಾಗ ಕಥಿ ಬಂದಿದ್ರ ಹೇಳ್ರಿ, ದೀಪಾವಳಿ ಕಥಾಸ್ಪರ್ಧೆಯಾಗ ಬಹುಮಾನ ಬಂದಿದ್ರ ಹೇಳ್ರಿ. ಏನೂ ಬಂದಿಲ್ಲಾಂದ್ರ ಇದು ನನ್ನ ಮೊದಲ ಕೃತಿ ಅಂದ್ರ ಆತು, ಅದೇನು ಅವಮಾನ ಅಲ್ಲ. ಆ ಕಥಿಗೂ ನಿಮ್ಮ ಬದುಕಿಗೂ ಸಂಬಂಧ ಇದ್ರ ಅದಕ್ಕ ತೂಕ ಐತಿ. ಹಟ್ಟಿ ಚಿನ್ನದ ಗಣಿಯಾಗ ಕೆಲಸ ಮಾಡಿದಾಂವ ಗಣಿ ಬಗ್ಗೆ ಬರದ್ರ, ಬಳ್ಳಾರಿಯಾಗ ಜೀನ್ಸ್ ಹೊಲಿಯೋ ಹೆಣ್ಣಮಗಳು ಅದರ ಮ್ಯಾಲ ಬರದ್ರ, ಅದನ್ನ ಮುಚ್ಚಿಡೋರು ಯಾಕ ಅದಾರೋ ನನಗ ತಿಳಿಯೋದಿಲ್ಲ. ಕಾರಟಗಿ ತಂಗಿ ತಾನು ನರ್ಸ್ ಅನ್ನೋದಾ ಬರ್ದಿರಲಿಲ್ಲ, ‘ಸಾಹಿತ್ಯಾಸಕ್ತೆ’ ಅಂತ ಬರ್ದಿದ್ಲು. ಕಾದಂಬರಿ ನಡಿಯೋದು ಹೆರಿಗಿ ವಾರ್ಡಿನಾಗ! ಅಲ್ಲವ್ವಾ, ಇದಾ ಅಲ್ಲೇನು ನಿನ್ನ ಬಂಗಾರ ಅಂದೆ. ಆದ್ರ ವಾರ್ಡ್ ನಂಬರ್ 5ರ ಸದಸ್ಯ, ಭಜನಾ ಮಂಡಳಿ ಖಜಾಂಚಿ, ಇವು ಬ್ಯಾಡ. ‘ನಮ್ಮ ಗೆಳೆಯರೆಲ್ಲ ಓದಿ ಮೆಚ್ಚಿದ್ದಾರೆ’ ಅನ್ನೋದಂತೂ ಬ್ಯಾಡಾ ಬ್ಯಾಡ, ಗೆಳೆಯರು ಮೆಚ್ಚದಾ ಏನು ಮಾಡ್ತಾರ, ವಗ್ಗರಣಿ ಮಿರ್ಚಿ ರೊಕ್ಕ ಕೊಡೋರು ನೀವು.

ಈಗ ನನ್ನ ಕಸುಬಿನ ಮಾತು ಸ್ವಲ್ಪ. ಫೈಲು. ಪತ್ರ ಎಷ್ಟಾ ಚಂದ ಇರ್ಲಿ, ಫೈಲ್ ತಗದ್ರ ಕನ್ನಡದ ಬದಲಿ ಇಂಗ್ಲಿಷ್ ಅಕ್ಷರ, ಚುಕ್ಕಿ, ಗೀಟು ಕಂಡ್ರ ಮುಗೀತು ಕಥಿ. ಹಳೇ ನುಡಿ, ಶ್ರೀಲಿಪಿ ಫಾಂಟ್‌ಗಳಾಗ ಟೈಪ್ ಮಾಡಿದ್ದು ಒಳಗ ಇಂಗ್ಲಿಷ್ ಅಕ್ಷರದ ಜಾಗದಾಗ ಕುಂತಿರ್ತೈತಿ, ಆ ಫಾಂಟ್ ಇದ್ದ ಕಂಪ್ಯೂಟರಿನಾಗ ಮಾತ್ರ ಕನ್ನಡ ಕಾಣೋದು. ಯುನಿಕೋಡ್ ಹಂಗಲ್ಲ, ಪ್ರತಿ ಅಕ್ಷರಕ್ಕ ತಂದಾ ಆದ ನಂಬರ್ ಐತಿ, ಮೊಬೈಲಿನಾಗೂ ಕಾಣ್ತೈತಿ. ಪುಟ ಕಟ್ಟಾಕ ಕೆಲವು ಡಿಟಿಪಿಯವ್ರು ಇನ್ನೂ ನುಡಿಯಾಗ ಕೇಳ್ತಾರ, ಅದು ಪುಸ್ತಕ ಆಗೋ ಟೈಮಿಗೆ. ಓದಾಕ ಕಳಸೋದು ಯುನಿಕೋಡ್ ವರ್ಡ್ ಫೈಲು, ಜೋಡಿಗೆ ಪಿಡಿಎಫ್. ನುಡಿಯಿಂದ ಯುನಿಕೋಡಿಗೆ ಕನ್ವರ್ಟ್ ಮಾಡಿದ್ರ ಒಮ್ಮೆ ಪೂರಾ ಓದ್ರಿ, ಅರ್ಕಾವತ್ತು ಜಿಗದು ಪಕ್ಕದ ಅಕ್ಷರದ ಮ್ಯಾಲ ಕುಂತಿರ್ತಾವ. ಫೈಲಿನ ಹೆಸರು ‘ನಾವೆಲ್ ಫೈನಲ್ ಫೈನಲ್ ನ್ಯೂ 2’ ಅಂತ ಇಡಬ್ಯಾಡ್ರಿ, ಕಾದಂಬರಿ ಹೆಸರು, ನಿಮ್ಮ ಹೆಸರು ಇಡ್ರಿ. ಈಗ ಎಷ್ಟೋ ಪ್ರಕಾಶಕರು ವಾಟ್ಸಾಪಿನಾಗಾ ಸಿಗ್ತಾರ, ಸಿಗ್ತಾರ ಅಂತ ರಾತ್ರಿ ಹನ್ನೊಂದಕ್ಕ ಹತ್ತು ನಿಮಿಷದ ವಾಯ್ಸ್ ನೋಟ್ ಕಳಸಬ್ಯಾಡ್ರಿ, ಮೊದಲು ಮೇಲ್ ಐಡಿ ಕೇಳ್ರಿ.

ಕಥಿ ಕದ್ದುಬಿಟ್ರ ಅನ್ನೋ ಹೆದರಿಕಿ ಎಲ್ರಿಗೂ ಇರ್ತೈತಿ, ಪ್ರತಿ ಪುಟದ ಮ್ಯಾಲ ‘ನಕಲು ಮಾಡಿದರೆ ಕಾನೂನು ಕ್ರಮ’ ಅಂತ ವಾಟರ್‌ಮಾರ್ಕ್ ಹಾಕಿಸ್ಕೊಂಡು ಹೋದೋರು ಅದಾರ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ನೀವು ಬರದ ಕ್ಷಣದಿಂದಾ ಹಕ್ಕು ನಿಮ್ದು, ನೋಂದಣಿ ಮಾಡಿಸಬೇಕು ಅಂತ ಕಡ್ಡಾಯ ಇಲ್ಲ, ನೀವು ಹೋದ ಮ್ಯಾಲೂ 60 ವರ್ಷ ನಿಮ್ಮ ಮನಿಯವ್ರಿಗೆ ಇರ್ತೈತಿ. ಹೆದರೋದಾದ್ರ ಕದಿಯೋರಿಗೆ ಅಲ್ಲ, ಓದ್ದಂಗ ಸಹಿ ಮಾಡೋ ಕಾಗದಕ್ಕ ಹೆದರ್ರಿ. ಹಕ್ಕು ವರ್ಗಾವಣೆ ಬರವಣಿಗಿಯಾಗಾ ಇರಬೇಕು, ಸಹಿ ಇರಬೇಕು, ಎಷ್ಟು ವರ್ಷ ಅಂತ ಬರದಿರದಿದ್ರ ಕಾಯ್ದೆ ಅದನ್ನ ಐದು ವರ್ಷ ಅಂತ ಹಿಡೀತೈತಿ, ಯಾವ ಪ್ರದೇಶಕ್ಕ ಅಂತ ಇಲ್ಲದಿದ್ರ ಭಾರತಕ್ಕ ಮಾತ್ರ. ಅನುವಾದದ ಹಕ್ಕು, ಸಿನಿಮಾ ಹಕ್ಕು, ಆಡಿಯೋ, ಇ-ಬುಕ್ಕು ಇವೆಲ್ಲಾ ಬ್ಯಾರೆ ಬ್ಯಾರೆ, ‘ಎಲ್ಲಾ ಹಕ್ಕು ಪ್ರಕಾಶಕರದು’ ಅಂತ ಒಂದಾ ಸಾಲಿನಾಗ ಕೊಟ್ಟು ಬರಬ್ಯಾಡ್ರಿ.

ರೊಕ್ಕ ಕೇಳೋರ ವಿಷಯ ಹೇಳದಿದ್ರ ಆಗೋದಿಲ್ಲ. ನನಗ ಒಬ್ರು, ಹೆಸರು ಬ್ಯಾಡ, ಪತ್ರ ಕಳಸಿದ ಮೂರನೇ ದಿನಕ್ಕ ‘ನಿಮ್ಮ ಕೃತಿ ಆಯ್ಕೆಯಾಗಿದೆ’ ಅಂತ ಮೆಸೇಜ್ ಹಾಕಿದ್ರು. ಮನಿಯಾಗ ಹೋಳಿಗಿ ಆತು. ಮರುದಿನ ಗೊತ್ತಾತು, 45 ಸಾವಿರ ನಾನು ಕೊಡಬೇಕು, 200 ಪ್ರತಿ ನಾನಾ ಒಯ್ಯಬೇಕು. ಕಾದಂಬರಿಯ ನಾಯಕನ ಹೆಸರೇನ್ರಿ ಅಂತ ಕೇಳಿದೆ, ಅವರಿಗೆ ಗೊತ್ತಿರಲಿಲ್ಲ. ಸ್ವಂತ ರೊಕ್ಕದಾಗ ಪುಸ್ತಕ ಮಾಡೋದು ತಪ್ಪಲ್ಲ, ಕನ್ನಡದಾಗ ಎಷ್ಟೋ ಒಳ್ಳೇ ಪುಸ್ತಕ ಹಂಗಾ ಬಂದಾವ, ಆದ್ರ ಆಗ ಅದು ನಿಮ್ಮ ಪ್ರಕಟಣೆ, ಅಚ್ಚಿನ ಖರ್ಚು ನೀವಾ ಪ್ರೆಸ್ಸಿಗೆ ಕೊಡ್ರಿ, ಪುಸ್ತಕದ ಗುರುತಿನ ನಂಬರ್, ಅಂದ್ರ ಐಎಸ್‌ಬಿಎನ್, ಸರ್ಕಾರದವ್ರು ಪುಕ್ಕಟೆ ಕೊಡ್ತಾರ. ಆಯ್ಕಿ ಆಗೈತಿ ಅನ್ನೋ ಶಬ್ದಕ್ಕ ರೊಕ್ಕ ಕೊಡೋದು ಬ್ಯಾರೆ. ರೊಕ್ಕ ಹಾಕೋ ಪ್ರಕಾಶಕರು ಲೇಖಕರಿಗೆ ಕೊಡೋ ರಾಯಲ್ಟಿ, ಅಂದ್ರ ಮಾರಾಟದಾಗಿನ ಪಾಲು, ಸಾಮಾನ್ಯವಾಗಿ ನೂರಕ್ಕ 10, ಕೆಲವ್ರು ರೊಕ್ಕದ ಬದಲಿ ಪುಸ್ತಕ ಕೊಡ್ತಾರ, ಇದನ್ನ ಪತ್ರದಾಗ ಎತ್ತಬಾರ್ದು, ಅವರು ಹೂಂ ಅಂದ ಮ್ಯಾಲ ಕೇಳಬೇಕು, ಕೇಳಾಕ ನಾಚಬಾರ್ದು.

2025 ರಾಗ ಬಾನು ಮುಷ್ತಾಕ್ ಮೇಡಮ್ಮೋರಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂದ ಮ್ಯಾಲ ಅಂಗಡಿಗೆ ಬರೋರ ಪ್ರಶ್ನೆ ಬದಲಾಗೈತಿ, ಸೀದಾ ಲಂಡನ್ನಿಗೆ ಹೆಂಗ ಕಳಸೋದು ಅಂತಾರ. ಆ ಪ್ರಶಸ್ತಿಯ 50,000 ಪೌಂಡ್ ಲೇಖಕರಿಗೂ ಅನುವಾದಕರಿಗೂ ಸಮ ಪಾಲು, ಇದರ ಮ್ಯಾಲ ತಿಳ್ಕೊಳ್ರಿ ಅಲ್ಲಿ ಅನುವಾದಕರ ತೂಕ ಎಷ್ಟು ಅಂತ. ಕನ್ನಡ ಕಾದಂಬರಿ ಹೊರಗ ಹೋಗೋದು ಹೆಚ್ಚಾಗಿ ಅನುವಾದಕರ ಕೈಯಿಂದ. ಅವರು ನಿಮ್ಮ ಲಿಖಿತ ಒಪ್ಪಿಗಿ ತಗೊಂಡು, ಒಂದೆರಡು ಅಧ್ಯಾಯ ಮಾದರಿಗೆ ಅನುವಾದಿಸಿ, ಅದರ ಜೋಡಿ ಪತ್ರ ಬರೀತಾರ. ನೀವಾ ಇಂಗ್ಲಿಷಿನಾಗ ಬರದವ್ರಾದ್ರ ಏಜೆಂಟರಿಗೆ ನೀವಾ ಬರೀಬೇಕು. ಅಮೆರಿಕಾದವ್ರಿಗೆ ಪತ್ರ 250 ರಿಂದ 350 ಪದ, ಇಮೇಲ್ ಒಳಗಾ ಬರೀಬೇಕು, ಕೆಳಗ ಮೊದಲ ಐದೋ ಹತ್ತೋ ಪುಟ ಅಂಟಿಸಿ, ಕೇಳದಾ ಅಟ್ಯಾಚ್ ಮಾಡಂಗಿಲ್ಲ. ಇಂಗ್ಲೆಂಡಿನವ್ರು ಮೊದಲ ಮೂರು ಅಧ್ಯಾಯ, ಸಾರಾಂಶ ಕೇಳ್ತಾರ. ಒಬ್ಬೊಬ್ಬ ಏಜೆಂಟನ ವೆಬ್‌ಸೈಟಿನಾಗ ಅವರವರ ನಿಯಮ ಇರ್ತೈತಿ, ಅದನ್ನ ಓದದಾ ಕಳಸಿದ್ರ ಮೊದಲ ಪರೀಕ್ಷಾದಾಗಾ ಫೇಲು. ಮತ್ತ ಕಾದಂಬರಿ ಪೂರಾ ಮುಗಿಸಿರಬೇಕು, ಅರ್ಧ ಬರದು ‘ಒಪ್ಪಿದ್ರ ಉಳದದ್ದು ಬರೀತೀನಿ’ ಅನ್ನೋದು ಹೊಸಬರಿಗೆ ಎಲ್ಲೂ ನಡಿಯೋದಿಲ್ಲ, ಇಲ್ಲೂ ಅಷ್ಟಾ.

ಕಳಸೋದು ಒಮ್ಮಿಗೇ ಎಲ್ರಿಗೂ ಬ್ಯಾಡ. ಮೂರು ನಾಕು ಮಂದಿಗೆ ಕಳಸ್ರಿ, ಬ್ಯಾರೆಯವ್ರಿಗೂ ಕಳಸೀನಿ ಅಂತ ಪತ್ರದಾಗಾ ಹೇಳ್ರಿ. ಎಲ್ರೂ ಸುಮ್ನಾದ್ರ ತಪ್ಪು ಪತ್ರದಾಗ ಐತಿ ಅಂತ ತಿಳದು ತಿದ್ದಿ ಮುಂದಿನ ನಾಕು ಮಂದಿಗೆ ಕಳಸಾಕ ಬರ್ತೈತಿ. ಮೂರು ಅಧ್ಯಾಯ ತರಿಸ್ಕೊಂಡು ಆಮೇಲೆ ಬ್ಯಾಡ ಅಂದ್ರ ತಪ್ಪು ಪತ್ರದ್ದಲ್ಲ, ಒಳಗಿಂದು. ನಲವತ್ತು ಮಂದಿಗೆ ಒಮ್ಮೆ ಕಳಸಿ ಕುಂತ್ರ ತಿದ್ದಾಕ ಜಾಗಾನಾ ಉಳಿಯೋದಿಲ್ಲ. ನಾನು ಒಂದು ಎಕ್ಸೆಲ್ ಶೀಟ್ ಇಟ್ಟೀನಿ, ಯಾರಿಗೆ, ಯಾವತ್ತು, ಏನು ಕಳಸಿದೆ, ಏನಂದ್ರು ಅಂತ. ಎಲ್ಡು ಮೂರು ತಿಂಗಳು ಬಿಟ್ಟು ಒಂದು ಸಣ್ಣ ಮೇಲ್ ಹಾಕಬಹುದು, ಇಂಥ ತಾರೀಖಿಗೆ ಇಂಥದ್ದು ಕಳಸಿದ್ದೆ, ನೋಡಾಕ ಆತೇನ್ರಿ ಅಂತ, ಅಷ್ಟಾ, ಸಿಟ್ಟು ಬ್ಯಾಡ. ಬ್ಯಾಡ ಅಂದೋರ ಜೋಡಿ ಜಗಳಕ್ಕ ಬೀಳಬ್ಯಾಡ್ರಿ, ಮುಂದಿನ ಪುಸ್ತಕಕ್ಕ ಅವರಾ ಬೇಕಾಗ್ತಾರ.

ಕಾರಟಗಿ ತಂಗಿ ಪತ್ರ ಆರು ಸಲ ತಿದ್ದಿದ್ವಿ. ಕೊನಿಗೆ ಉಳದ ಮೊದಲ ಸಾಲು, ‘ಹೆರಿಗೆ ವಾರ್ಡಿನಲ್ಲಿ ಆ ರಾತ್ರಿ ಹುಟ್ಟಿದ್ದು ನಾಲ್ಕು ಕೂಸು, ರಿಜಿಸ್ಟರಿನಲ್ಲಿ ಬರೆದದ್ದು ಮೂರು.’ ಇದನ್ನ ನಾನು ಹೇಳಿಕೊಟ್ಟಿದ್ದಲ್ಲ, ಆಕಿನಾ ಒಂದು ದಿನ ಡ್ಯೂಟಿ ಮುಗಿಸಿ ಬರ್ತಾ ಬಸ್ಸಿನಾಗ ಬರ್ದಿದ್ದು. ನಾಕು ಮಂದಿಗೆ ಕಳಸಿದ್ವಿ, ಇಬ್ರು ಪೂರಾ ಹಸ್ತಪ್ರತಿ ಕೇಳ್ಯಾರ. ನಂದು ಹೇಳಬೇಕಂದ್ರ, ಹೊಸಾ ಪತ್ರದ ಜೋಡಿ ಮತ್ತ ನಾಕು ಮಂದಿಗೆ ಹೋಗೈತಿ: ಎಲ್ಡು ಬ್ಯಾಡ, ಒಂದು ‘ಮೂರು ಅಧ್ಯಾಯ ಕಳಸ್ರಿ’, ಒಂದು ಸುಮ್ನ. ಸುಮ್ನಿದ್ದವ್ರಿಗೆ ಬರೋ ಸೋಮವಾರಕ್ಕ ಹನ್ನೊಂದು ವಾರ ಆಗ್ತಾವ, ಮದುವಿ ಸೀಸನ್ನಿನ ಕಾರ್ಡು ಮುಗಿಸಿ ಆ ಸಣ್ಣ ಮೇಲ್ ಹಾಕಬೇಕು.